ಸಿಎಂಸಿ ಪುಡಿ ಕೈಕೊಟ್ಟಾಗ: ಗಂಟು, ನೀರು, ಒಡಕು – ತಪ್ಪು ಎಲ್ಲಾಯಿತು ಅಂತ ಹುಡುಕುವ ಬಗೆ

ಹೋದ ಏಪ್ರಿಲ್‌ನಲ್ಲಿ ಒಂದು ಭಾನುವಾರ ಬೆಳಗ್ಗೆ ಅತ್ತಿಗೆ ಫೋನ್ ಮಾಡಿದರು. ಬೇಸಿಗೆ ಬಂತು ಅಂದರೆ ತುಮಕೂರಿನ ಮನೆಯಲ್ಲೇ ಐಸ್ ಕ್ರೀಮ್ ಮಾಡಿ ಬೀದಿಯವರಿಗೆ ಕಪ್ ಲೆಕ್ಕದಲ್ಲಿ ಕೊಡುವುದು ಅವರ ರೂಢಿ. ಹಾಲು ಮಂದವಾಗಲಿ ಅಂತ ಅದಕ್ಕೆ ಸಿಎಂಸಿ ಅನ್ನುವ ಬಿಳಿ ಪುಡಿ ಹಾಕುತ್ತಾರೆ.

"ಹೊಸ ಸಿಎಂಸಿ ಪುಡಿ ಡೂಪ್ಲಿಕೇಟ್ ಕಣಪ್ಪ. ಎರಡು ಲೀಟರ್ ಹಾಲು ದಂಡ ಆಯ್ತು. ಅಂಗಡಿಗೆ ಹೋಗಿ ವಾಪಸ್ ಕೊಟ್ಟು ಬಾ."

"ಕೊಡೋಣ ಅತ್ತಿಗೆ. ಆದ್ರೆ ಪಾತ್ರೆ ಚೆಲ್ಲಬೇಡಿ, ಬಂದು ನೋಡ್ತೀನಿ" ಅಂದೆ.

ಹಾಲಿನ ಮೇಲೆ ನೆನೆದ ಸಬ್ಬಕ್ಕಿಯಂಥ ಉಂಡೆಗಳು ತೇಲುತ್ತಿದ್ದವು. ಒಂದನ್ನು ಎತ್ತಿ ಬೆರಳಲ್ಲಿ ಒತ್ತಿದೆ. ಹೊರಗೆಲ್ಲಾ ಲೋಳೆ, ಕೈಯಿಂದ ಜಾರುತ್ತಿತ್ತು. ಉಗುರಿನಿಂದ ಸೀಳಿದರೆ ಒಳಗಿಂದ ಬಿಳಿ ಪುಡಿ ಉದುರಿತು. ಪೂರ್ತಿ ಒಣ ಪುಡಿ, ಒಂದು ಹನಿ ಹಾಲೂ ಸೋಕಿರಲಿಲ್ಲ. ಪುಡಿಯಲ್ಲಿ ದೋಷವಿರಲಿಲ್ಲ. ಅದನ್ನು ಹಾಲಿಗೆ ಹಾಕಿದ ರೀತಿಯಲ್ಲಿತ್ತು.

ನಾನು ಕೆಲವು ವರ್ಷ ಪಾತ್ರೆ ತೊಳೆಯುವ ಜೆಲ್, ಫ್ಲೋರ್ ಕ್ಲೀನರ್ ಮಾಡುವ ಸಣ್ಣ ಘಟಕವೊಂದರಲ್ಲಿ ಕೆಲಸ ಮಾಡಿದ್ದೇನೆ. ಅಲ್ಲೂ ಇದೇ ಪುಡಿ, ಇದೇ ಗೋಳು. ಡ್ರಮ್ ಕೆಟ್ಟಾಗಲೆಲ್ಲಾ ನಮ್ಮ ಮೇಸ್ತ್ರಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಪುಡಿ ಮೊದಲು ಏನನ್ನ ಮುಟ್ತು?" ನೀರನ್ನಾ, ಸಕ್ಕರೆಯನ್ನಾ, ಉಪ್ಪನ್ನಾ, ಹುಳಿಯನ್ನಾ? ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿತು ಅಂದರೆ ಮುಕ್ಕಾಲು ಪಾಲು ದೋಷ ಸಿಕ್ಕ ಹಾಗೆ. ಕೆಳಗೆ ಬರೆದಿರುವುದೆಲ್ಲಾ ಆ ಪ್ರಶ್ನೆಯನ್ನೇ ಹಿಡಿದುಕೊಂಡು ಹೋಗುತ್ತದೆ.

ಈ ಪುಡಿ ಏನು?

ಸಿಎಂಸಿ ಅಂದರೆ ಕಾರ್ಬಾಕ್ಸಿ ಮೀಥೈಲ್ ಸೆಲ್ಯುಲೋಸ್. ಸೆಲ್ಯುಲೋಸ್ ಅನ್ನುವುದು ಗಿಡಮರಗಳ ನಾರು. ಹತ್ತಿಯಲ್ಲಿ ಶೇ 90ರಷ್ಟು ಅದೇ ಇರುತ್ತದೆ, ಒಣ ಮರದಲ್ಲಿ ಶೇ 40ರಿಂದ 50. 1838ರಲ್ಲಿ ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್ ಅದನ್ನು ಗಿಡಗಳಿಂದ ಬೇರ್ಪಡಿಸಿ ಗುರುತಿಸಿದರು. ಗ್ಲೂಕೋಸ್ ಮಣಿಗಳನ್ನು ಪೋಣಿಸಿದ ಉದ್ದನೆಯ ಸರ ಅಂದುಕೊಳ್ಳಿ. ಸರಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುತ್ತವೆ, ನಡುವೆ ನೀರು ನುಗ್ಗಲು ಜಾಗವೇ ಇಲ್ಲ. ಹತ್ತಿ ಪಂಚೆಯನ್ನು ಎಷ್ಟು ಸಲ ಒಗೆದರೂ ಅದು ನೀರಲ್ಲಿ ಕರಗಿಹೋಗದೆ ಇರುವುದು ಇದರಿಂದಲೇ.

ಈ ನಾರನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಮಾನೋಕ್ಲೋರೋ ಅಸಿಟಿಕ್ ಆಮ್ಲದ ಜೊತೆ ಸೇರಿಸಿದರೆ ಮಣಿಗಳಿಗೆ ಹೊಸ ಕೊಂಡಿಗಳು ಹತ್ತಿಕೊಳ್ಳುತ್ತವೆ. ಎಲ್ಲಾ ಕೊಂಡಿಗಳ ಮೇಲೂ ಒಂದೇ ತರಹದ, ಋಣ ವಿದ್ಯುತ್ತು. ಹಾಗಾಗಿ ಒಂದನ್ನೊಂದು ತಳ್ಳುತ್ತವೆ. ಸರಗಳು ಬಿಡಿಸಿಕೊಂಡು ನೀರಿನಲ್ಲಿ ಚಾಚಿಕೊಳ್ಳುತ್ತವೆ, ನೀರು ಗಟ್ಟಿಯಾಗುತ್ತದೆ. ಇಷ್ಟೇ ಕಥೆ. ಅರ್ಧ ಗಿಡದ್ದು, ಅರ್ಧ ಫ್ಯಾಕ್ಟರಿಯದ್ದು. ಟೂತ್‌ಪೇಸ್ಟ್ ಬ್ರಶ್ ಮೇಲೆ ನಿಲ್ಲುವುದು, ಬಟ್ಟೆ ಸೋಪಿನ ಪುಡಿಯಲ್ಲಿ ಬಿಟ್ಟ ಕೊಳೆ ಮತ್ತೆ ಬಟ್ಟೆಗೆ ಕೂರದಿರುವುದು, ಒಣಗಿದ ಕಣ್ಣಿಗೆ ಡಾಕ್ಟರ್ ಬರೆಯುವ ಶೇ 0.5ರ ಡ್ರಾಪ್ಸ್, ಎಲ್ಲದರಲ್ಲೂ ಇದೇ. ಇದರ ದಾಯಾದಿಗಳೂ ಸುತ್ತ ಇದ್ದಾರೆ. ಹರಿಹರದ ಪಕ್ಕ ತುಂಗಭದ್ರೆಯ ದಡದ ಕುಮಾರಪಟ್ಟಣದಲ್ಲಿ ಮರದಿಂದ ತೆಗೆಯುವ ತಿರುಳು ರೇಯಾನ್ ನೂಲಿಗೆ ಹೋಗುತ್ತದೆ. ಅದೂ ಸೆಲ್ಯುಲೋಸೇ, ಆದರೆ ನೀರಲ್ಲಿ ಕರಗುವ ಜಾತಿಯಲ್ಲ. ವಾಲ್ ಪುಟ್ಟಿ, ಟೈಲ್ಸ್ ಅಂಟಿನಲ್ಲಿ ನೀರು ಬೇಗ ಆರದಂತೆ ಹಿಡಿದಿಡುವುದು ಎಚ್‌ಪಿಎಂಸಿ ಅನ್ನುವ ಇನ್ನೊಬ್ಬ ದಾಯಾದಿ. 'ವೆಜ್' ಅಂತ ಬರೆದಿರುವ ಮಾತ್ರೆ ಕ್ಯಾಪ್ಸೂಲ್‌ನ ಸಿಪ್ಪೆ ಸಹ ಹೆಚ್ಚಾಗಿ ಅದರದ್ದೇ.

"ಐಸ್ ಕ್ರೀಮ್‌ಗೆ ಮರದ ಪುಡಿ ಹಾಕ್ತಾರಂತೆ, ಹೌದಾ?" ಅಂತ ಪಕ್ಕದ ಮನೆಯವರು ಅತ್ತಿಗೆಯನ್ನು ಕೇಳಿದ್ದರಂತೆ. ಹೌದೂ ಹೌದು, ಅಲ್ಲವೂ ಹೌದು. ಮೂಲ ಮರವೋ ಹತ್ತಿಯೋ ಇರಬಹುದು, ಕಪ್‌ಗೆ ಬರುವಾಗ ಅದು ಬೇರೆ ವಸ್ತು. ಆಹಾರಕ್ಕೆ ಸೇರಿಸುವ ಪದಾರ್ಥಗಳಿಗೆ ಒಂದೊಂದು ಐಎನ್ಎಸ್ ಸಂಖ್ಯೆ ಇರುತ್ತದೆ; ಐಎನ್ಎಸ್ 466 ಅನ್ನುವ ಹೆಸರಲ್ಲಿ ಇದಕ್ಕೆ ಅನುಮತಿ ಇದೆ. ಒಂದು ಸಣ್ಣ ಅಧ್ಯಯನದಲ್ಲಿ ಆರೋಗ್ಯವಂತರಿಗೆ ದಿನಕ್ಕೆ 15 ಗ್ರಾಂನಂತೆ 11 ದಿನ ಸಿಎಂಸಿ ತಿನ್ನಿಸಿದಾಗ ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಬದಲಾವಣೆ ಕಂಡಿತ್ತು. ಅಳತೆ ಸರಿಯಾಗಿದ್ದರೆ 100 ಗ್ರಾಂ ಐಸ್ ಕ್ರೀಮ್‌ನಲ್ಲಿ ಇರುವುದು 0.15 ಗ್ರಾಂ ಆಸುಪಾಸು. ಎರಡನ್ನೂ ಹೇಳಿಬಿಡುವುದು ಒಳ್ಳೆಯದು, ಅಲ್ವಾ?

ಶುರುವಿಗೆ ಮುಂಚೆ: ಕೈಲಿರುವುದು ಸಿಎಂಸಿನೇನಾ?

ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಎಂಸಿ, ಜಿಎಂಎಸ್ (ಗ್ಲಿಸರಾಲ್ ಮಾನೋಸ್ಟಿಯರೇಟ್), ಕಾರ್ನ್ ಫ್ಲೋರ್ ಎಲ್ಲವೂ ಒಂದೇ ತರಹದ ಡಬ್ಬಿಯಲ್ಲಿ, ಒಂದೇ ಬಣ್ಣದಲ್ಲಿ ಬರುತ್ತವೆ. ಮನೆಗೆ ತಂದು ಹಾರ್ಲಿಕ್ಸ್ ಬಾಟಲಿಗೆ ಸುರಿದುಕೊಂಡ ಮೇಲಂತೂ ಕೇಳಲೇ ಬೇಡಿ. ನಾನು ನೋಡಿದ ಅತಿ ದೊಡ್ಡ ಅನಾಹುತ ಇದೇ. ಮನೆ ಐಸ್ ಕ್ರೀಮ್‌ಗೆ ಸಾಮಾನ್ಯವಾಗಿ ಅರ್ಧ ಲೀಟರ್ ಹಾಲಿಗೆ ಎರಡು ದೊಡ್ಡ ಚಮಚ ಜಿಎಂಎಸ್, ಕಾಲು ಟೀ ಚಮಚ ಸಿಎಂಸಿ ಅಂತ ಹೇಳಿಕೊಡುತ್ತಾರೆ. ಡಬ್ಬಿ ಅದಲುಬದಲಾದರೆ ಎರಡು ದೊಡ್ಡ ಚಮಚ ಸಿಎಂಸಿ ಬೀಳುತ್ತದೆ. ಆಗ ಆಗುವುದು ಐಸ್ ಕ್ರೀಮ್ ಅಲ್ಲ, ಪೋಸ್ಟರ್ ಅಂಟಿಸುವ ಗೋಂದು. ಅದನ್ನು ಉಳಿಸುವ ದಾರಿ ಇಲ್ಲ.

ಅನುಮಾನ ಬಂದರೆ ಮನೆಯಲ್ಲೇ ನೋಡಬಹುದು. ಅರ್ಧ ಲೋಟ ನೀರಿಗೆ, ಅಂದರೆ ಸುಮಾರು 100 ಎಂಎಲ್‌ಗೆ, ಒಂದು ದೊಡ್ಡ ಚಿಟಿಕೆ ಪುಡಿ ಉದುರಿಸಿ ಕಲಕುತ್ತಾ ಕರಗಿಸಿ. ಒಂದು ಗಂಟೆ ಬಿಡಿ.

ಮೇಲೆ ಮೇಣದ ಹಾಗೆ ತೇಲುತ್ತಾ ಕರಗಲೇ ಇಲ್ಲ ಅಂದರೆ ಅದು ಜಿಎಂಎಸ್. ಅದೊಂದು ಜಿಡ್ಡಿನ ಪದಾರ್ಥ, ಬಿಸಿ ಹಾಲಿನಲ್ಲಷ್ಟೇ ಕರಗಿ ಬೆರೆಯುತ್ತದೆ. ಅಡಿಯಲ್ಲಿ ಬಿಳಿ ಗಸಿ ಕೂತರೆ ಪಿಷ್ಟ, ಕಾರ್ನ್ ಫ್ಲೋರ್ ಜಾತಿ. ಒಂದು ಹನಿ ಟಿಂಚರ್ ಅಯೋಡಿನ್ ಬಿಟ್ಟರೆ ಕಡು ನೀಲಿಯಾಗುತ್ತದೆ, ಸಿಎಂಸಿ ಹಾಗಾಗುವುದಿಲ್ಲ.

ತಿಳಿಯಾಗಿ, ಲೋಳೆಯಾಗಿ ಕರಗಿತಾ? ಆಗ ಸಿಎಂಸಿಯೋ ಎಚ್‌ಪಿಎಂಸಿಯೋ ನೋಡಬೇಕು. ಸ್ವಲ್ಪ ದ್ರಾವಣವನ್ನು ನೀರು ಬೆರೆಸಿ ತೆಳ್ಳಗೆ ಮಾಡಿ ಬಾಟಲಿಗೆ ಹಾಕಿ ಜೋರಾಗಿ ಕುಲುಕಿ. ನೊರೆ ಎದ್ದು ಹಾಗೇ ನಿಂತರೆ ಎಚ್‌ಪಿಎಂಸಿ ಇರಬಹುದು, ನೊರೆಯ ಪದರ ನಿಲ್ಲದಿದ್ದರೆ ಸಿಎಂಸಿ. ಇನ್ನೂ ಗಟ್ಟಿ ಸಾಕ್ಷಿ ಬೇಕಾ? ಗ್ರಂಥಿಗೆ ಅಂಗಡಿಯ ಪಟಿಕ ತಂದು ನೀರಲ್ಲಿ ಕರಗಿಸಿ, ಮೂಲ ದ್ರಾವಣಕ್ಕೆ ಸಮ ಪ್ರಮಾಣದಲ್ಲಿ ಬೆರೆಸಿ. ಸಿಎಂಸಿ ಆದರೆ ತಕ್ಷಣ ಬಿಳಿ ಎಳೆಎಳೆಯಾಗಿ ಒಡೆಯುತ್ತದೆ. ಇಲ್ಲವೇ ಸುಮ್ನೆ ಒಲೆ ಮೇಲಿಟ್ಟು ಕಾಯಿಸಿ. ಸಿಎಂಸಿ ಬಿಸಿಯಾದಂತೆ ತೆಳ್ಳಗಾಗುತ್ತದೆ. ಎಚ್‌ಪಿಎಂಸಿ ಉಲ್ಟಾ: 60 ಡಿಗ್ರಿ ದಾಟಿದ ಮೇಲೆ ಬೆಳ್ಳಗಾಗಿ ಗಟ್ಟಿಯಾಗುತ್ತಾ ಹೋಗಿ, ತಣಿದಾಗ ಮತ್ತೆ ತಿಳಿಯಾಗುತ್ತದೆ. ಮೊದಲ ಸಲ ನೋಡಿದಾಗ ನನಗೆ ಮಾಟ ಅನ್ನಿಸಿತ್ತು.

ಇನ್ನೊಂದು ಮಾತು. ಸಿಎಂಸಿ ಅಂದ ಮಾತ್ರಕ್ಕೆ ತಿನ್ನುವ ಸಿಎಂಸಿ ಅಲ್ಲ. ಮಾರ್ಜಕಕ್ಕೆ ಮಾರುವ ಅಗ್ಗದ ಪುಡಿಯಲ್ಲಿ ತಯಾರಿಕೆಯಲ್ಲಿ ಹುಟ್ಟಿದ ಉಪ್ಪು, ಸೋಡಿಯಂ ಗ್ಲೈಕೊಲೇಟ್ ಎಲ್ಲಾ ಹಾಗೇ ಉಳಿದಿರುತ್ತವೆ. ತಿನ್ನುವ ದರ್ಜೆಯದ್ದನ್ನು ತೊಳೆದು ಶೇ 99.5ರಷ್ಟು ಶುದ್ಧ ಮಾಡಿರುತ್ತಾರೆ. ಪೊಟ್ಟಣದ ಮೇಲೆ ಐಎನ್ಎಸ್ 466 ಮತ್ತು 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇಲ್ಲದಿದ್ದರೆ ಅಡುಗೆಮನೆಯೊಳಗೆ ಬಿಡಬೇಡಿ. ಕೆಮಿಕಲ್ ಅಂಗಡಿಯಲ್ಲಿ ಕೇಜಿ ಲೆಕ್ಕದಲ್ಲಿ ಸಡಿಲವಾಗಿ ಕೊಡುವುದನ್ನು ಐಸ್ ಕ್ರೀಮ್‌ಗೆ ಹಾಕುವುದು ಬೇಡವೇ ಬೇಡ.

ದೋಷ: ಗಂಟು

ರಾಗಿ ಮುದ್ದೆ ತೊಳಸಿದವರಿಗೆ ಗಂಟಿನ ಬಗ್ಗೆ ಪಾಠ ಬೇಕಿಲ್ಲ. ಕುದಿಯುವ ನೀರಿಗೆ ಹಿಟ್ಟು ಒಂದೇ ಕಡೆ ಬಿದ್ದರೆ ಹೊರಗಿನ ಹಿಟ್ಟು ತಕ್ಷಣ ಬೆಂದು ಗೋಡೆ ಕಟ್ಟುತ್ತದೆ. ಒಳಗಿನದು ಹಸಿಯಾಗೇ ಉಳಿಯುತ್ತದೆ. ಸಿಎಂಸಿಯಲ್ಲೂ ಅದೇ ಗೋಡೆ. ಆದರೆ ಒಂದು ವ್ಯತ್ಯಾಸ ಇದೆ, ಹೆಚ್ಚಿನವರು ಎಡವುವುದು ಅಲ್ಲೇ.

ಮುದ್ದೆ ಗಂಟಾಗದಿರಲಿ ಅಂತ ನಾವು ಏನು ಮಾಡುತ್ತೇವೆ? ಮೊದಲು ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ, ಆ ಅಂಬಲಿಯನ್ನು ಬಿಸಿನೀರಿಗೆ ಬಿಡುತ್ತೇವೆ. ರಾಗಿ ಹಿಟ್ಟು ತಣ್ಣೀರಲ್ಲಿ ಉಬ್ಬುವುದಿಲ್ಲ, ಅದಕ್ಕೆ ಈ ಉಪಾಯ ನಡೆಯುತ್ತದೆ. ಕಾರ್ನ್ ಫ್ಲೋರ್‌ಗೂ ನಡೆಯುತ್ತದೆ. ಅತ್ತಿಗೆ ಸಿಎಂಸಿಗೂ ಅದನ್ನೇ ಮಾಡಿದ್ದರು. ಅರ್ಧ ಲೋಟ ತಣ್ಣನೆ ಹಾಲಿಗೆ ಚಮಚ ಪುಡಿ ಸುರಿದು, ಆಮೇಲೆ ಕದಡಿದ್ದರು. ಸಿಎಂಸಿ ತಣ್ಣಗಿದ್ದರೂ ಉಬ್ಬುತ್ತದೆ, ಬಿಸಿಯಿದ್ದರೂ ಉಬ್ಬುತ್ತದೆ. ಬಿಸಿಯಲ್ಲಿ ಇನ್ನೂ ಬೇಗ ಗೋಡೆ ಕಟ್ಟುತ್ತದೆ. ಅದಕ್ಕೆ ನೀರಿನ ಅಂಬಲಿ ಅನ್ನುವುದೇ ಇಲ್ಲ.

ಎಚ್‌ಪಿಎಂಸಿಗೆ ಮೂರನೇ ಲೆಕ್ಕ. ಅದು ತಣ್ಣೀರಲ್ಲಿ ಉಬ್ಬುತ್ತದೆ, ತುಂಬಾ ಬಿಸಿ ನೀರಲ್ಲಿ ಉಬ್ಬುವುದಿಲ್ಲ. ಹಾಗಾಗಿ ಅದನ್ನು 80–90 ಡಿಗ್ರಿ ನೀರಲ್ಲಿ ಕದಡಿ, ಆಮೇಲೆ ತಣ್ಣೀರು ಹಾಕಿ ಆರಿಸಬೇಕು. ಒಂದೇ ಮನೆತನದ ಎರಡು ಬಿಳಿ ಪುಡಿಗೆ ಎರಡು ದಾರಿ. ಡಬ್ಬಿಯ ಹೆಸರು ಯಾಕೆ ಮುಖ್ಯ ಅಂತ ಗೊತ್ತಾಯಿತಲ್ಲ.

ಸಿಎಂಸಿಯ ಕಣಗಳು ನೀರು ಮುಟ್ಟುವಾಗ ಒಂದರ ಪಕ್ಕ ಒಂದು ಇರಬಾರದು. ನಡುವೆ ಬೇರೇನೋ ಇರಬೇಕು. ಐಸ್ ಕ್ರೀಮ್‌ನಲ್ಲಿ ಆ 'ಬೇರೇನೋ' ಸಕ್ಕರೆ. ಒಂದು ಪಾಲು ಸಿಎಂಸಿಗೆ ಕನಿಷ್ಠ ಹತ್ತು ಪಾಲು ಸಕ್ಕರೆ ತಗೊಂಡು, ಒಣ ಬಟ್ಟಲಲ್ಲಿ ಒಣ ಚಮಚದಿಂದ ಚೆನ್ನಾಗಿ ಬೆರೆಸಿ. ಪುಡಿ ಮಾಡಿದ ಸಕ್ಕರೆಯಾದರೆ ಇನ್ನೂ ವಾಸಿ, ಕಣ ಕಣಕ್ಕೂ ಹೊಂದಿಕೊಳ್ಳುತ್ತದೆ. ಹಾಲನ್ನು ಒಂದು ಕೈಯಲ್ಲಿ ಸುತ್ತು ತಿರುಗುವಂತೆ ಕಲಕುತ್ತಾ, ಇನ್ನೊಂದು ಕೈಯಲ್ಲಿ ರಂಗೋಲಿ ಪುಡಿ ಬಿಡುವಷ್ಟು ಸಣ್ಣಗೆ ಆ ಮಿಶ್ರಣವನ್ನು ಉದುರಿಸುತ್ತಾ ಬನ್ನಿ. ಸುಳಿಯ ಇಳಿಜಾರಿನ ಮೇಲೆ ಬೀಳಬೇಕು, ನಿಂತ ಹಾಲಿನ ಮೇಲಲ್ಲ. ಎಲ್ಲಾ ಬಿದ್ದ ಮೇಲೂ ಎರಡು ಮೂರು ನಿಮಿಷ ಕೈ ನಿಲ್ಲಿಸಬೇಡಿ. ಒದ್ದೆ ಚಮಚವನ್ನು ಡಬ್ಬಿಗೆ ಹಾಕಿದರೆ ಗಂಟು ಡಬ್ಬಿಯಲ್ಲೇ ಹುಟ್ಟಿರುತ್ತದೆ, ಅದನ್ನೂ ನೋಡಿಕೊಳ್ಳಿ.

ಕ್ಲೀನಿಂಗ್ ಜೆಲ್‌ಗೆ ಸಕ್ಕರೆ ಹಾಕುವ ಹಾಗಿಲ್ಲವಲ್ಲ. ಅಲ್ಲಿ ಗ್ಲಿಸರಿನ್ ಬಳಸುತ್ತಿದ್ದೆವು. ಗ್ಲಿಸರಿನ್‌ನಲ್ಲಿ ಸಿಎಂಸಿ ಉಬ್ಬುವುದಿಲ್ಲ, ಸುಮ್ಮನೆ ನೆನೆದು ಕೂರುತ್ತದೆ. ತೆಳ್ಳಗಿನ ಚಟ್ನಿಯ ಹದಕ್ಕೆ ಕದಡಿಕೊಂಡು ತಿರುಗುವ ನೀರಿಗೆ ಬಿಟ್ಟರೆ ಗಂಟಿನ ಮಾತೇ ಇಲ್ಲ. ನೀರಿನ ಅಂಬಲಿ ಆಗದಿದ್ದರೆ ಏನಂತೆ, ಗ್ಲಿಸರಿನ್ ಅಂಬಲಿ ಆಗುತ್ತದೆ.

ಗಂಟು ಆಗಿಹೋದ ಮೇಲೆ? ಒಲೆ ಮೇಲಿಟ್ಟು ಕುದಿಸುವುದರಿಂದ ಏನೂ ಆಗಲ್ಲ. ಚಮಚದಿಂದ ಚಚ್ಚಿದರೆ ಒಂದು ಗಂಟು ಎರಡಾಗುತ್ತದೆ. ಜರಡಿಯಲ್ಲಿ ಸೋಸಿ, ಗಂಟುಗಳನ್ನೆಲ್ಲಾ ಒಂದು ಬಟ್ಟಲು ಹಾಲಿನ ಜೊತೆ ಮಿಕ್ಸಿಗೆ ಹಾಕಿ ಅರ್ಧ ನಿಮಿಷ ತಿರುಗಿಸಿ, ಮತ್ತೆ ಹಾಲಿಗೇ ಸೇರಿಸಿ. ಅತ್ತಿಗೆಯ ಎರಡು ಲೀಟರ್ ಹೀಗೇ ಉಳಿಯಿತು. ಮೇಲೆ ಎದ್ದ ನೊರೆಯನ್ನು ತೆಗೆದು, ಫ್ರಿಜ್‌ನಲ್ಲಿ ನಾಲ್ಕು ಗಂಟೆ ಇಟ್ಟು ಆಮೇಲೆ ಫ್ರೀಜರ್‌ಗೆ ಹಾಕಿದೆವು. ಕ್ಲೀನಿಂಗ್ ಜೆಲ್ ಆದರೆ ಮುಚ್ಚಿ ಒಂದು ದಿನ ಬಿಟ್ಟುಬಿಡಿ. ಸಣ್ಣ ಗಂಟುಗಳು ತಾವಾಗೇ ನೆನೆಯುತ್ತವೆ.

ದೋಷ: ಗಂಟೂ ಇಲ್ಲ, ಗಟ್ಟಿಯೂ ಆಗಲಿಲ್ಲ

ಮೊದಲು ಗಡಿಯಾರ ನೋಡಿ. ಗಂಟಿಲ್ಲದೆ ಬೆರೆತಿದೆ ಅಂದ ಮಾತ್ರಕ್ಕೆ ಕರಗಿದೆ ಅಂತಲ್ಲ. ಅರ್ಧ ಗಂಟೆಯಿಂದ ಎರಡು ಗಂಟೆವರೆಗೆ ಬೇಕು, ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು. ಹತ್ತು ನಿಮಿಷಕ್ಕೇ "ತೆಳ್ಳಗಿದೆ" ಅಂತ ಇನ್ನೊಂದು ಚಮಚ ಸುರಿದವರು ಮರುದಿನ ಬೆಳಗ್ಗೆ ಡ್ರಮ್ಮಿನಿಂದ ಜೆಲ್ಲನ್ನು ಕೈಯಲ್ಲಿ ತೋಡಿ ತೆಗೆದದ್ದು ನನಗೆ ಗೊತ್ತು. ಅವರಲ್ಲಿ ನಾನೂ ಒಬ್ಬ. ಬಿಸಿ ಇರುವಾಗ ಹದ ನೋಡುವುದೂ ತಪ್ಪು, ತಣಿದ ಮೇಲೆ ನೋಡಿ.

ಹೋದ ಸಲದಷ್ಟೇ ಹಾಕಿದ್ದೇನೆ, ಈ ಸಲ ನೀರು ನೀರು ಅನ್ನುತ್ತೀರಾ? ಅಂಗಡಿಯೋ ಪೊಟ್ಟಣವೋ ಬದಲಾಗಿದೆಯಾ ನೋಡಿ. ಸರ ಉದ್ದವಿದ್ದಷ್ಟೂ ಪುಡಿ ಜಾಸ್ತಿ ಗಟ್ಟಿ ಮಾಡುತ್ತದೆ. ಚಿಕ್ಕ ಸರದ ದರ್ಜೆಯಲ್ಲಿ ಶೇ 2 ಹಾಕಿದರೂ ಎಣ್ಣೆಯಷ್ಟು ಮಂದ ಆಗುವುದು ಕಷ್ಟ. ದೊಡ್ಡ ಸರದ್ದು ಶೇ 1ಕ್ಕೇ ಜೇನಿನ ಹಾಗೆ ಇಳಿಯುತ್ತದೆ. ಎರಡಕ್ಕೂ ಹೆಸರು ಸಿಎಂಸಿನೇ. ಹೊಸ ಪುಡಿ ಬಂದಾಗಲೆಲ್ಲಾ 100 ಎಂಎಲ್ ನೀರಿಗೆ ಒಂದು ಗ್ರಾಂ ಹಾಕಿ, ಹಳೆಯದರ ಪಕ್ಕ ಇಟ್ಟು ಚಮಚದಿಂದ ಎತ್ತಿ ಬಿಟ್ಟು ನೋಡುವುದು ನನ್ನ ಅಭ್ಯಾಸ. ಡಿಜಿಟಲ್ ತಕ್ಕಡಿ ಇಲ್ಲದಿದ್ದರೆ, ತಲೆ ಸವರಿದ ಟೀ ಚಮಚದಲ್ಲಿ ಸುಮಾರು 3 ಗ್ರಾಂ ಹಿಡಿಯುತ್ತದೆ.

ಇವೆರಡೂ ಅಲ್ಲ ಅಂದರೆ ಮೇಸ್ತ್ರಿಯ ಪ್ರಶ್ನೆ ಕೇಳಿ. ನೀರಿಗಿಂತ ಮೊದಲು ಪುಡಿ ಉಪ್ಪನ್ನು ಮುಟ್ಟಿತಾ? ಸರಗಳು ಚಾಚಿಕೊಳ್ಳುವುದು ಕೊಂಡಿಗಳು ಪರಸ್ಪರ ತಳ್ಳುವುದರಿಂದ ಅಂದೆನಲ್ಲ. ನೀರಲ್ಲಿ ಆಗಲೇ ಉಪ್ಪು ಇದ್ದರೆ ಸೋಡಿಯಂ ಬಂದು ಆ ತಳ್ಳಾಟವನ್ನು ಮುಚ್ಚಿಬಿಡುತ್ತದೆ. ಸರ ಬಿಡಿಸಿಕೊಳ್ಳದೆ ಸುರುಳಿಯಾಗಿ ಕೂರುತ್ತದೆ. ಅದೇ ಉಪ್ಪನ್ನು ಸಿಎಂಸಿ ಪೂರ್ತಿ ಕರಗಿದ ಮೇಲೆ ಹಾಕಿದರೆ ನಷ್ಟ ಬಹಳ ಕಡಿಮೆ. ಪಾತ್ರೆ ಜೆಲ್ ಮಾಡುವವರು ಇಲ್ಲಿ ಪದೇ ಪದೇ ಸಿಕ್ಕಿಹಾಕಿಕೊಳ್ಳುತ್ತಾರೆ. ಎಸ್‌ಎಲ್‌ಇಎಸ್ ಅನ್ನುವ ನೊರೆ ಪದಾರ್ಥ ಉಪ್ಪು ಹಾಕಿದರೆ ಗಟ್ಟಿಯಾಗುತ್ತದೆ, ಸಿಎಂಸಿ ಉಪ್ಪಿನಿಂದ ತೆಳ್ಳಗಾಗುತ್ತದೆ. ಎರಡನ್ನೂ ಒಂದೇ ಡ್ರಮ್ಮಿಗೆ ಹಾಕಿ ಉಪ್ಪು ಸುರಿಯುತ್ತಾ ಹೋದರೆ ಯಾವುದು ಯಾರನ್ನು ಎಳೆಯುತ್ತಿದೆ ಅಂತ ಗೊತ್ತಾಗುವುದಿಲ್ಲ. ಮೇಲಾಗಿ ಎಸ್‌ಎಲ್‌ಇಎಸ್‌ಗೂ ಒಂದು ಮಿತಿ ದಾಟಿದ ಉಪ್ಪು ಬಿದ್ದರೆ ಅದೂ ನೀರಾಗುತ್ತದೆ. ನನ್ನ ಸಲಹೆ, ಸಿಎಂಸಿಯನ್ನು ಬೇರೆ ಬಕೆಟ್‌ನಲ್ಲಿ ಹಿಂದಿನ ದಿನವೇ ಕರಗಿಸಿಟ್ಟು, ಕೊನೆಗೆ ಉಪ್ಪನ್ನು ಚಮಚ ಚಮಚವಾಗಿ ಹಾಕಿ.

ಬೋರ್‌ವೆಲ್ ನೀರಿಗೂ ಇದೇ ಗುಣ. ಕಾಯಿಸುವ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುವಂಥ ಗಡಸು ನೀರಲ್ಲಿ ಕ್ಯಾಲ್ಸಿಯಂ ಜಾಸ್ತಿ. ಜೆಲ್ ಮಬ್ಬಾಗುತ್ತದೆ, ಹದವೂ ಇಳಿಯುತ್ತದೆ. ಒಂದು ಲೋಟ ಬೋರ್ ನೀರಲ್ಲಿ, ಒಂದು ಲೋಟ ಫಿಲ್ಟರ್ ನೀರಲ್ಲಿ ಕರಗಿಸಿ ಪಕ್ಕ ಪಕ್ಕ ಇಟ್ಟರೆ ಕಣ್ಣಿಗೇ ಕಾಣುತ್ತದೆ.

ಹುಳಿ ಇನ್ನೂ ಕೆಟ್ಟದ್ದು. ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 4ರ ಕೆಳಗೆ ಹೋದಂತೆ ಕೊಂಡಿಗಳ ವಿದ್ಯುತ್ತು ಕಮ್ಮಿಯಾಗುತ್ತದೆ, 3ರ ಕೆಳಗೆ ಸಿಎಂಸಿ ಮತ್ತೆ ಕರಗದ ನಾರಿನ ಸ್ವಭಾವಕ್ಕೇ ತಿರುಗಿ ಎಳೆಯಾಗಿ ಬೇರೆಯಾಗಬಹುದು. ನಿಂಬೆ ಶರಬತ್ತಿಗೋ ನಿಂಬೆ ಐಸ್ ಕ್ರೀಮ್‌ಗೋ ಹಾಕುವಾಗ ರಸವನ್ನು ಕಟ್ಟಕಡೆಗೆ, ತಣ್ಣಗಿರುವಾಗ, ಸ್ವಲ್ಪ ಸ್ವಲ್ಪವಾಗಿ ಬಿಡಿ. ಟಾಯ್ಲೆಟ್ ತೊಳೆಯುವ ಆಸಿಡ್ಡನ್ನು ಗಟ್ಟಿ ಮಾಡಲು ಸಿಎಂಸಿ ಕೇಳಿಕೊಂಡು ಬರುವವರಿದ್ದಾರೆ. ಅದು ಆಗದ ಕೆಲಸ.

ದೋಷ: ಮಾಡಿದ ದಿನ ಗಟ್ಟಿ, ವಾರಕ್ಕೆ ನೀರು

ಬಾಟಲಿಯ ಮುಚ್ಚಳ ತೆಗೆದು ಮೂಸಿ ನೋಡಿ. ಹುಳಿ ವಾಸನೆ, ಬೂಷ್ಟಿನ ವಾಸನೆ ಬಂದರೆ ಉತ್ತರ ಸಿಕ್ಕಿತು. ವಾಸನೆ ಇಲ್ಲದೆಯೂ ಹೀಗಾಗಬಹುದು. ಬಿದ್ದ ಮರವನ್ನು ಕಾಡಿನಲ್ಲಿ ಕೊಳೆಸುವ ಬೂಷ್ಟು, ಬ್ಯಾಕ್ಟೀರಿಯಾಗಳ ಹತ್ತಿರ ಸೆಲ್ಯುಲೇಸ್ ಅನ್ನುವ ಕಿಣ್ವ ಇರುತ್ತದೆ. ಅದು ಸರವನ್ನು ನಡುನಡುವೆ ಕತ್ತರಿಸುತ್ತದೆ. ಕೆಲವೇ ಕಡೆ ಕತ್ತರಿ ಬಿದ್ದರೂ ಸಾಕು, ಗಟ್ಟಿತನ ಹೋಗುತ್ತದೆ. ಮೂಲ ಗಿಡದ್ದು ಅಂದ ಮೇಲೆ ಗಿಡ ತಿನ್ನುವವರು ಬಿಡುತ್ತಾರಾ?

ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಆದರೆ ಅದು ಆಗಲೇ ಬಿಟ್ಟ ಕಿಣ್ವ ಕೆಲವೊಮ್ಮೆ ಬಿಸಿಗೂ ಉಳಿದು ಕತ್ತರಿಸುತ್ತಲೇ ಇರುತ್ತದೆ. ಹಾಗಾಗಿ ಕೆಟ್ಟ ಜೆಲ್‌ಗೆ ಹೊಸ ಪುಡಿ ಬೆರೆಸಿ ಸರಿಮಾಡಲು ಹೋಗಬೇಡಿ, ಹೊಸದೂ ಹೋಗುತ್ತದೆ. ಡ್ರಮ್ಮು, ಕೋಲು, ಬಕೆಟ್ ಉಜ್ಜಿ ತೊಳೆದು ಒಣಗಿಸಿ. ಮರದ ಕೋಲು ಬಿಟ್ಟು ಪ್ಲಾಸ್ಟಿಕ್ ಪೈಪೋ ಸ್ಟೀಲೋ ಹಿಡಿಯಿರಿ. ಕ್ಲೀನಿಂಗ್ ಸಾಮಾನಿಗೆ ಸಂರಕ್ಷಕ ಬೇಕೇ ಬೇಕು. ಎಲ್ಲರೂ ಸೋಡಿಯಂ ಬೆಂಜೊಯೇಟ್ ಹಾಕಿ ನಿಶ್ಚಿಂತೆಯಾಗಿರುತ್ತಾರೆ, ಆದರೆ ಅದು ಕೆಲಸ ಮಾಡುವುದು ಹುಳಿ ಇರುವ ದ್ರಾವಣದಲ್ಲಿ. ಪಿಎಚ್ 7–8 ಇರುವ ಜೆಲ್‌ನಲ್ಲಿ ಅದು ಇದ್ದೂ ಇಲ್ಲದ ಹಾಗೆ. ಮಾರಾಟಗಾರರ ಹತ್ತಿರ ನಿಮ್ಮ ಪಿಎಚ್ ಹೇಳಿ, ಅದಕ್ಕೆ ಹೊಂದುವುದನ್ನು ಕೇಳಿ ತಗೊಳ್ಳಿ.

ದೋಷ: ಮೊಸರಿನ ಹಾಗೆ ಒಡೆಯಿತು

ಫ್ಲೋರ್ ಕ್ಲೀನರ್‌ನಲ್ಲಿ ಒಡೆದರೆ ಬೇರೇನೂ ಹುಡುಕಬೇಡಿ, ಬಿಕೆಸಿ ಹಾಕಿದ್ದೀರಾ ನೋಡಿ. ಕ್ರಿಮಿ ಕೊಲ್ಲಲು ಬಳಸುವ ಬೆಂಜಾಲ್ಕೋನಿಯಂ ಕ್ಲೋರೈಡ್ ಅದು. ಅದರಲ್ಲಿ ಧನ ವಿದ್ಯುತ್ತು, ಸಿಎಂಸಿಯಲ್ಲಿ ಋಣ. ಎರಡೂ ಕಚ್ಚಿಕೊಂಡು ಬಿಳಿ ಎಳೆಯಾಗಿ ಕೂರುತ್ತವೆ. ಗಟ್ಟಿತನವೂ ಹೋಯಿತು, ಕ್ರಿಮಿ ಕೊಲ್ಲುವ ಶಕ್ತಿಯೂ ಹೋಯಿತು. ಹಾಕುವ ಕ್ರಮ ಬದಲಿಸಿದರೆ ಸರಿಹೋಗುವ ದೋಷ ಇದಲ್ಲ. ಬಿಕೆಸಿ ಬೇಕೇ ಬೇಕು ಅಂದರೆ ಸಿಎಂಸಿ ಬಿಟ್ಟು ವಿದ್ಯುತ್ತಿಲ್ಲದ ದಾಯಾದಿ ಎಚ್‌ಇಸಿಯನ್ನು, ಅಂದರೆ ಹೈಡ್ರಾಕ್ಸಿ ಈಥೈಲ್ ಸೆಲ್ಯುಲೋಸನ್ನು ಬಳಸಿ.

ಐಸ್ ಕ್ರೀಮ್‌ನ ಒಡಕು ಬೇರೆ. ರಾತ್ರಿ ಫ್ರಿಜ್‌ನಲ್ಲಿಟ್ಟ ಮಿಶ್ರಣದ ಅಡಿಯಲ್ಲೋ, ಕರಗುತ್ತಿರುವ ಕಪ್ಪಿನ ತಳದಲ್ಲೋ ತಿಳಿನೀರು ನಿಂತಿರುತ್ತದೆ. ಹಾಲು ಕೆಟ್ಟಿಲ್ಲ. ಸಿಎಂಸಿಗೂ ಹಾಲಿನ ಪ್ರೋಟೀನಿಗೂ ಒಂದೇ ನೀರಲ್ಲಿ ಹೊಂದಾಣಿಕೆ ಕಡಿಮೆ, ನಿಧಾನಕ್ಕೆ ಬೇರೆ ಬೇರೆ ಕಡೆ ಸರಿಯುತ್ತವೆ. ದೊಡ್ಡ ಕಂಪನಿಗಳು ಇದಕ್ಕೆ ಕಡಲಪಾಚಿಯಿಂದ ತೆಗೆದ ಕ್ಯಾರಜೀನನ್ ಅನ್ನು ಲೀಟರಿಗೆ 0.1–0.2 ಗ್ರಾಂನಷ್ಟು ಸೇರಿಸುತ್ತವೆ. ಮನೆಯಲ್ಲಿ ಅಷ್ಟು ಸಣ್ಣ ತೂಕ ಹಿಡಿಯುವುದು ಕಷ್ಟ. ಸಿಎಂಸಿ ಅಳತೆ ಇಳಿಸಿ, ಕದಡಿ, ಅವತ್ತೇ ಫ್ರೀಜರ್‌ಗೆ ಹಾಕುವುದು ಸುಲಭ.

ಐಸ್ ಕ್ರೀಮ್‌ಗೇ ಸೇರಿದ ಎರಡು ದೂರು

"ಬಾಯಲ್ಲಿ ಐಸ್ ಐಸ್ ಸಿಗುತ್ತೆ." ಮೊದಲು ಕೇಳಬೇಕಾದ್ದು ಪುಡಿಯ ಬಗ್ಗೆ ಅಲ್ಲ, ಕರೆಂಟಿನ ಬಗ್ಗೆ. ಬೇಸಿಗೆಯಲ್ಲಿ ಮೂರು ಗಂಟೆ ಕರೆಂಟ್ ಹೋಗಿ ಬಂದರೆ ಸಣ್ಣ ಹರಳು ಕರಗಿ, ಮತ್ತೆ ಹೆಪ್ಪುಗಟ್ಟುವಾಗ ಇರುವ ಹರಳಿಗೇ ಸೇರಿಕೊಂಡು ದೊಡ್ಡದಾಗುತ್ತದೆ. ಸಿಎಂಸಿ ಹರಳು ಬೆಳೆಯುವುದನ್ನು ನಿಧಾನ ಮಾಡುತ್ತದೆ ಅಷ್ಟೇ, ನಿಲ್ಲಿಸುವುದಿಲ್ಲ. ಮೇಲಿನ ಪದರದಲ್ಲಿ ಮಾತ್ರ ಐಸ್ ಇದ್ದರೆ ಮುಚ್ಚಳದ ಕೆಳಗಿನ ಗಾಳಿಯ ತೇವ ಕೂತಿದೆ, ಪ್ಲಾಸ್ಟಿಕ್ ಹಾಳೆಯನ್ನು ಐಸ್ ಕ್ರೀಮ್‌ಗೆ ತಾಗುವಂತೆ ಹೊದಿಸಿ. ಅಡಿಯಿಂದ ಮೇಲಿನವರೆಗೆ ಐಸ್ ಇದ್ದು, ಕರೆಂಟೂ ಹೋಗಿರಲಿಲ್ಲ ಅಂದರೆ ಆಗ ಸಿಎಂಸಿ ಪೂರ್ತಿ ಕರಗಿರಲಿಲ್ಲ ಅಥವಾ ಕಮ್ಮಿ ಬಿದ್ದಿದೆ.

"ಚೂಯಿಂಗ್ ಗಮ್ ಹಾಗಿದೆ, ಕರಗಲ್ಲ." ಇದು ಜಾಸ್ತಿ ಬಿದ್ದದ್ದು. ಒಂದು ಲೀಟರ್ ಮಿಶ್ರಣಕ್ಕೆ ಅರ್ಧ ಟೀ ಚಮಚ, ಅಂದರೆ 1.5 ಗ್ರಾಂ, ಸಾಕು. ಎರಡು ಗ್ರಾಂ ದಾಟುವುದು ಬೇಡ. ಅತ್ತಿಗೆ ಈಗಲೂ ಕಣ್ಣಳತೆಯಲ್ಲೇ ಹಾಕುತ್ತಾರೆ. ಇಪ್ಪತ್ತು ವರ್ಷ ಉಪ್ಪಿನಕಾಯಿ ಹಾಕಿದ ಕೈ ಅದು, ಹೇಳಿದರೆ ಕೇಳುವುದಿಲ್ಲ. ಅದಕ್ಕೆ ಅರ್ಧ ಟೀ ಚಮಚದ ಅಳತೆ ಚಮಚವನ್ನೇ ದಾರದಲ್ಲಿ ಡಬ್ಬಿಗೆ ಕಟ್ಟಿ ಬಂದಿದ್ದೇನೆ.

ಪುಡಿ ನೆಲಕ್ಕೆ ಚೆಲ್ಲಿದರೆ

ಅಭ್ಯಾಸಬಲದಿಂದ ಒದ್ದೆ ಬಟ್ಟೆ ಹಾಕಿ ಒರೆಸಲು ಹೋಗಬೇಡಿ. ಒಂದು ಚಮಚ ಪುಡಿ ಸಾಕು, ಇಡೀ ಅಡುಗೆಮನೆ ಪಾಚಿ ಕಟ್ಟಿದ ಬಚ್ಚಲಿನ ಹಾಗೆ ಜಾರುತ್ತದೆ. ಒರೆಸಿದಷ್ಟೂ ಹರಡುತ್ತದೆ. ಮೊದಲು ಒಣ ಪೊರಕೆಯಲ್ಲಿ ಪೂರ್ತಿ ಗುಡಿಸಿ ತೆಗೆಯಿರಿ. ಉಳಿದ ಜಿಗುಟಿನ ಮೇಲೆ ಕಲ್ಲುಪ್ಪು ಉದುರಿಸಿ ಐದು ನಿಮಿಷ ಬಿಟ್ಟರೆ ಲೋಳೆ ಸಡಿಲವಾಗುತ್ತದೆ, ಆಮೇಲೆ ನೀರು ಹಾಕಿ ತೊಳೆಯಬಹುದು. ಜೆಲ್‌ನಲ್ಲಿ ನಮ್ಮನ್ನು ಗೋಳಾಡಿಸಿದ ಉಪ್ಪು ಇಲ್ಲಿ ಕೆಲಸಕ್ಕೆ ಬರುತ್ತದೆ.